ಕಾಫಿ ಮೂಟೆಯ ಜೊತೆ ತೋಟದ ನಕ್ಷೆಯೂ ಹಡಗು ಹತ್ತಬೇಕೆ?

ಪ್ರಶ್ನೆ: ನಮ್ಮದು ಆರು ಎಕರೆ ರೋಬಸ್ಟಾ ಕಾಫಿ ತೋಟ. ವರ್ಷಗಳಿಂದ ಒಬ್ಬರೇ ವ್ಯಾಪಾರಿಗೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಕೊಡುತ್ತಾ ಬಂದಿದ್ದೇವೆ. ಈ ಸಲ ಅವರು ತೋಟದ ಜಿಪಿಎಸ್ ಗುರುತು ಮತ್ತು ಪಹಣಿ ಕೇಳಿದ್ದಾರೆ. ಕೊಡದಿದ್ದರೆ ಮುಂದೆ ಯುರೋಪಿಗೆ ಒಟ್ಟಾಗಿ ಹೋಗುವ ಸರಕಿನ ಲಾಟ್‌ಗೆ ನಮ್ಮ ಕಾಫಿ ಸೇರಿಸಲು ಆಗುವುದಿಲ್ಲವಂತೆ. ಪಹಣಿಯಲ್ಲಿ ಇನ್ನೂ ಅಜ್ಜನ ಕಾಲದ ಜಂಟಿ ಹೆಸರುಗಳಿವೆ. ಹೋದ ವರ್ಷ ತೋಟದ ನೆರಳಿಗಿದ್ದ ಒಂದಷ್ಟು ಸಿಲ್ವರ್ ಓಕ್ ಮರ ಕಡಿಸಿದ್ದೂ ಉಂಟು. ತೊಂದರೆಯಾದೀತೆ? ಕೊಟ್ಟರೆ ರೇಟು ಜಾಸ್ತಿ ಸಿಗುತ್ತದೆಯೆ?
– ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ನಿಮ್ಮ ವ್ಯಾಪಾರಿ ಇದನ್ನು ಸುಮ್ಮನೆ ಕೇಳುತ್ತಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮ ತಂದಿತು. ವ್ಯಾಪಾರಿಗಳ ಬಾಯಲ್ಲಿ ಅದು ‘ಇಯುಡಿಆರ್’. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರಮುಟ್ಟು, ದನದ ಮಾಂಸ ಅಲ್ಲಿನ ಮಾರುಕಟ್ಟೆಗೆ ಬರಕೂಡದು. ಎರಡು ಬಾರಿ ಮುಂದೂಡಿದ ಮೇಲೆ ಈಗಿರುವ ಗಡುವು: ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಸರಕು ಈ ನಿಯಮಕ್ಕೆ ಒಳಪಟ್ಟಿದೆ ಎಂಬ ಘೋಷಣೆ ಸಲ್ಲಿಸಬೇಕಾದವರು ಅಲ್ಲಿನ ಆಮದುದಾರರು, ನೀವಲ್ಲ. ಆದರೆ ಕಾಳು ಯಾವ ತುಂಡು ನೆಲದಲ್ಲಿ ಬೆಳೆದದ್ದು ಎಂದು ಅವರು ನಮೂದಿಸಲೇಬೇಕು. ಆ ಮಾಹಿತಿ ನಿಮ್ಮ ಬೇಲಿಯೊಳಗಿಂದಲೇ ಹೊರಡಬೇಕಲ್ಲ!

ಮೊದಲು ಗುರುತಿನ ವಿಷಯ. ನಾಲ್ಕು ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಹತ್ತು ಎಕರೆ ಮೀರಿದ ತೋಟಕ್ಕೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ನಿಮ್ಮ ಆರು ಎಕರೆಗೆ ಒಂದೇ ಬಿಂದು ಸಾಕು, ಆದರೆ ದಶಮಾಂಶದ ನಂತರ ಆರು ಅಂಕಿ ಇರಬೇಕು. ಆರನೇ ಅಂಕಿ ಎಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಹಲಸು, ಅತ್ತಿ, ಓಕ್ ಮರಗಳ ನೆರಳಲ್ಲಿ ಮೊಬೈಲ್ ಹಿಡಿದರೆ ತಪ್ಪುವುದು ಮೀಟರುಗಟ್ಟಲೆ. ಕಾಗದದ ಮೇಲಿನ ಈ ನಿಖರತೆ ಕಂಡು ನನಗಂತೂ ನಗು ಬರುತ್ತದೆ. ಆದರೂ ತೋಟದೊಳಗೇ ಆಕಾಶ ಕಾಣುವ ಜಾಗದಲ್ಲಿ ನಿಂತು, ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಮನೆ ಅಂಗಳದಲ್ಲೋ ವ್ಯಾಪಾರಿಯ ಗೋದಾಮಿನಲ್ಲೋ ತೆಗೆದ ಗುರುತು ನಡೆಯದು. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ನಿಮ್ಮ ಕಡೆಯ ಅಕ್ಷಾಂಶ 12 ಮತ್ತು ರೇಖಾಂಶ 75 ಅದಲುಬದಲಾದರೆ ನಿಮ್ಮ ತೋಟ ನಾರ್ವೆಯಿಂದಾಚೆ ಸಮುದ್ರದ ನೀರಿನಲ್ಲಿರುತ್ತದೆ! ಬಿಂದು ಪಕ್ಕದ ಮೀಸಲು ಅರಣ್ಯಕ್ಕೆ ಬಿದ್ದಿಲ್ಲವೆಂದು ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳಿ.

ಸಿಲ್ವರ್ ಓಕ್‌ಗೆ ಹೆದರಬೇಕಿಲ್ಲ, ಆದರೆ ದಾಖಲೆ ಇಟ್ಟುಕೊಳ್ಳಿ. ಆ ನಿಯಮದ ಪ್ರಕಾರ ಮರದ ನೆರಳಲ್ಲಿ ಬೆಳೆ ಇರುವ ಜಮೀನು ಕೃಷಿಭೂಮಿಯೇ ಹೊರತು ಕಾಡಲ್ಲ. ತೊಡಕಿರುವುದು ಉಪಗ್ರಹದ ಕಣ್ಣಿನಲ್ಲಿ. ಬ್ರೆಜಿಲ್‌ನ ಬಯಲು ತೋಟ ಮೇಲಿನಿಂದ ತೋಟವಾಗಿಯೇ ಕಾಣುತ್ತದೆ. ನಮ್ಮ ನೆರಳಿನ ತೋಟ ಕಾಡಿನಂತೆ ಕಾಣುತ್ತದೆ. ಹಾಗಾಗಿ ಓಕ್ ಕಡಿದ ಜಾಗ ಯಂತ್ರದ ಲೆಕ್ಕದಲ್ಲಿ ‘ಕಾಡು ಹೋಯಿತು’ ಎಂದಾಗಬಹುದು. ಕಾಡನ್ನು ಜತನವಾಗಿ ಉಳಿಸಿಕೊಂಡ ಬೆಳೆಗಾರನೇ ವಿವರಣೆ ಕೊಡಬೇಕಾದ ವಿಚಿತ್ರ ಇದು. 2020ಕ್ಕೂ ಮೊದಲು ಅಲ್ಲಿ ಕಾಫಿ ಇತ್ತೆಂದು ತೋರಿಸುವ ಮಾರಾಟದ ಚೀಟಿ, ಕಾಫಿ ಮಂಡಳಿಯ ನೋಂದಣಿ, ಮರ ಕಡಿದ ಅನುಮತಿ, ಹಳೆಯ ಫೋಟೊ – ಸಿಕ್ಕಿದ್ದೆಲ್ಲ ಒಂದು ಕಡತಕ್ಕೆ ಸೇರಲಿ.

ಪಹಣಿಯಲ್ಲಿ ಒಂದೇ ಹೆಸರಿರಬೇಕೆಂದು ಆ ನಿಯಮ ಹೇಳುವುದಿಲ್ಲ. ಬೆಳೆ ಭೂಕಾನೂನು ಸೇರಿದಂತೆ ನಮ್ಮ ದೇಶದ ಸಂಬಂಧಪಟ್ಟ ಕಾನೂನುಗಳಿಗೆ ಒಳಪಟ್ಟು ಬಂದಿರಬೇಕು, ಅಷ್ಟೆ. ಕೊಡಗಿನ ಕುಟುಂಬಗಳಿಗೆ ತಲೆಮಾರುಗಳಿಂದ ಬಂದ ಜಮ್ಮಾ ಬಾಣೆ ಜಮೀನಿನಲ್ಲಿ ಹಳೆಯ ಪಟ್ಟೆದಾರರ (ದಾಖಲೆಯಲ್ಲಿರುವ ಕುಟುಂಬದ ಹಿರಿಯರ) ಹೆಸರು ಮುಂದುವರಿದಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕಂದಾಯ ರಸೀದಿ, ಪಾಲುಪಟ್ಟಿ ಜೊತೆಗಿಡಿ.

ಇನ್ನು ರೇಟು. ನಿಜ ಹೇಳಬೇಕೆಂದರೆ ಈ ಗುರುತಿಗೆಂದು ಯಾರೂ ಹೆಚ್ಚು ಕೊಡಬೇಕೆಂಬ ನಿಯಮವಿಲ್ಲ. ಭಾರತ ಐರೋಪ್ಯ ಒಕ್ಕೂಟದ 2025ರ ಮೇ ತಿಂಗಳ ಪಟ್ಟಿಯಲ್ಲಿ ‘ಕಡಿಮೆ ಅಪಾಯ’ದ ದೇಶ; ಅಂಥ ದೇಶಗಳ ಸರಕಿನ ವಿಚಾರದಲ್ಲಿ ವರ್ಷಕ್ಕೆ ಶೇ 1ರಷ್ಟು ಆಮದುದಾರರ ತಪಾಸಣೆ ಸಾಕು, ಬ್ರೆಜಿಲ್‌ನಂಥ ಮಧ್ಯಮ ವರ್ಗದ ದೇಶಗಳಿಗೆ ಶೇ 3. ಆದರೆ ರೋಬಸ್ಟಾದಲ್ಲಿ ನಮ್ಮ ದೊಡ್ಡ ಪೈಪೋಟಿದಾರ ವಿಯೆಟ್ನಾಂ ಕೂಡ ಅದೇ ಪಟ್ಟಿಯಲ್ಲಿದೆ. ಹಾಗಾದರೆ ನಿಮ್ಮ ಕೈಯಲ್ಲಿ ಉಳಿಯುವುದೇನು? ಲಾಟ್ ಹೇಗಾಗುತ್ತದೆಂದು ನೆನೆಯಿರಿ. 20 ಅಡಿಯ ಕಂಟೇನರ್‌ಗೆ 60 ಕೆಜಿಯ ಸುಮಾರು 320 ಮೂಟೆ. ಕಾಫಿಯ ಸಿಪ್ಪೆ ಬಿಡಿಸಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹತ್ತಾರು ತೋಟದ ಕಾಳು ಬೆರೆತು ಅದು ತುಂಬುತ್ತದೆ. ಗುರುತಿಲ್ಲದ ಒಂದು ತೋಟದ ಕಾಳು ಬೆರೆತರೂ ಇಡೀ ಲಾಟ್‌ಗೆ ಕಂಟಕ. ದಾಖಲೆ ಇರುವ ಹತ್ತು ಮಂದಿ ನೆರೆಹೊರೆಯವರು ಸೇರಿ ಒಟ್ಟಿಗೆ ಮಾರಿದರೆ ಚೌಕಾಸಿಗೆ ಜಾಗವಿದೆ, ಒಬ್ಬರೇ ಹೋದರೆ ಕಷ್ಟ. ಮಾಹಿತಿಯನ್ನು ವ್ಯಾಪಾರಿಗೆ ಕೊಡುವ ಮೊದಲು ಕಾಫಿ ಮಂಡಳಿಯ ಆ್ಯಪ್‌ನಲ್ಲಿ ನಿಮ್ಮ ಹೆಸರಿನಲ್ಲೇ ನೋಂದಾಯಿಸಿ. ಇಲ್ಲದಿದ್ದರೆ ಮುಂದಿನ ವರ್ಷ ವ್ಯಾಪಾರಿ ಬದಲಿಸಲು ಹೊರಟಾಗ ನಿಮ್ಮ ತೋಟದ ನಕ್ಷೆ ಅವರ ಬಳಿಯೇ ಉಳಿದಿರುತ್ತದೆ.

ಪ್ರಶ್ನೆ: ಇದಕ್ಕೆಲ್ಲ ಬ್ಲಾಕ್‌ಚೈನ್ ಪರಿಹಾರ ಎಂದು ನಮ್ಮ ತರಗತಿಯಲ್ಲಿ ಹೇಳುತ್ತಾರೆ. ನಿಜವೆ?
– ಎಂ.ಕಾಂ. ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಬ್ಲಾಕ್‌ಚೈನ್ ಎಂದರೆ ಹಲವರು ಹಂಚಿಕೊಂಡ ಡಿಜಿಟಲ್ ಲೆಕ್ಕಪುಸ್ತಕ. ಅದು ಒಮ್ಮೆ ಬರೆದದ್ದನ್ನು ತಿದ್ದಲು ಬಿಡುವುದಿಲ್ಲ, ಬರೆದದ್ದು ನಿಜವೇ ಎಂದು ಅದಕ್ಕೆ ತಿಳಿಯದು. ಪಕ್ಕದ ತೋಟದ ಮೂಟೆಗೆ ನನ್ನ ತೋಟದ ಕ್ಯೂಆರ್ ಚೀಟಿ ಅಂಟಿಸಿದರೆ ಆ ಸುಳ್ಳೂ ಶಾಶ್ವತ. ನಮ್ಮ ಕಾಫಿ ಮಂಡಳಿ 2019ರಲ್ಲೇ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ವೇದಿಕೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ಹಡಗು ಕಂಪನಿ ಮೇರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ತಂದ, ಹಡಗು ಸರಕಿನ ದಾಖಲೆ ಹಂಚಿಕೊಳ್ಳುವ ಬ್ಲಾಕ್‌ಚೈನ್ ವೇದಿಕೆ ‘ಟ್ರೇಡ್‌ಲೆನ್ಸ್’ ಕತೆಯನ್ನು ನೀವು ಓದಲೇಬೇಕು. ತಂತ್ರಜ್ಞಾನ ಕೆಲಸ ಮಾಡುತ್ತಿತ್ತು. ಆದರೆ ಇಡೀ ಉದ್ಯಮದ ಸಹಕಾರ ಸಿಗಲಿಲ್ಲವೆಂದು ಹೇಳಿ, 2022ರ ನವೆಂಬರ್‌ನಲ್ಲಿ ಅದನ್ನು ಮುಚ್ಚುವುದಾಗಿ ಘೋಷಿಸಿದರು. ಪ್ರತಿಸ್ಪರ್ಧಿಯ ಮನೆಯ ಲೆಕ್ಕಪುಸ್ತಕದಲ್ಲಿ ತಮ್ಮ ವ್ಯಾಪಾರ ಬರೆಸಲು ಯಾರಿಗೆ ಮನಸ್ಸು ಬರುತ್ತದೆ? ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಎರಡು ತೋಟದ ಕಾಳು ಎಲ್ಲಿ ಬೆರೆಯುತ್ತದೆ, ಅಲ್ಲಿ ಯಾರು ಏನು ಬರೆದುಕೊಳ್ಳುತ್ತಾರೆ ಎಂದು ಒಂದು ದಿನ ನಿಂತು ನೋಡಿ.