ಫೌಂಡೇಶನ್ ರಬ್ಬರ್ ಬಿಡಿ, ಮೊದಲು ಫ್ಯಾನ್ ಬೆಲ್ಟ್ ಬಿಚ್ಚಿ

ಅಣ್ಣಾರ, ಅಂಬಾಸಿಡರ್ ಕಾರಿನ ಇಂಜಿನ್ ಬೋರ್ ಮಾಡಿಸಿದ (ಸವೆದ ಸಿಲಿಂಡರ್ ಕೊರೆಸಿದ) ಮೇಲೆ ನಡುಕ ಹೋಗ್ತಿಲ್ಲ, ಮೂರನೇ ಸಲ ಫೌಂಡೇಶನ್ ರಬ್ಬರ್ (ಇಂಜಿನ್ ಕೂರುವ ರಬ್ಬರ್) ತರಿಸ್ತೀನಿ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ನಾನೂ ಅದೇ ದಾರಿ ಹಿಡಿದು ದುಡ್ಡು ಹಾಕಿದವನು. ರಬ್ಬರ್ ನಡುಕ ಹುಟ್ಟಿಸುವುದಿಲ್ಲ. ಹುಟ್ಟಿದ್ದು ಬಾಡಿಯೊಳಗೆ ಬರದಂತೆ ತಡೆಯುತ್ತದೆ, ಅಷ್ಟೇ.

ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೂ ಸ್ಟೇರಿಂಗ್ ಥರಥರ ಅನ್ನುತ್ತದೆ ಅಂದಿರಿ. ಹಾಗಾದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಅದರ ಜಾಯಿಂಟಿನ ಕ್ರಾಸ್, ವೀಲ್ ಎಲ್ಲದರ ಅನುಮಾನ ಪಕ್ಕಕ್ಕಿಡಿ. ಅವು ಗಾಡಿ ಓಡಿದರೆ ಮಾತ್ರ ತಿರುಗುತ್ತವೆ. ಮೇಲಿನ ಕಾಮೆಂಟಿನಲ್ಲಿ ಯಾರೋ, ಬೆಳಗಾವಿ ಹತ್ತಿರದ ವಂಟಮುರಿ ಘಾಟ್ ಇಳಿಯುವಾಗ ನ್ಯೂಟ್ರಲ್ ಹಾಕಿ ನೋಡಿ ಅಂದಿದ್ದಾರೆ. ಅಂಥ ಸಲಹೆ ಕೊಡಬೇಡಿ, ಜೀವದ ಪ್ರಶ್ನೆ.

ಈಗ ಫ್ಯಾನ್, ವಾಟರ್ ಪಂಪ್, ಡೈನಮೋ ಮೂರನ್ನೂ ತಿರುಗಿಸುವ ಫ್ಯಾನ್ ಬೆಲ್ಟ್ ಬಿಚ್ಚಿ, ಇಂಜಿನ್ ಚಾಲೂ ಮಾಡಿ, ಅದೇ ಸ್ಪೀಡಿಗೆ ತನ್ನಿ. ಒಂದು ನಿಮಿಷದ ಮೇಲೆ ಬೇಡ, ವಾಟರ್ ಪಂಪ್ ನಿಂತಿರುತ್ತದೆ. ನಡುಕ ಹೋಯ್ತಾ? ಹಾಗಿದ್ದರೆ ತಪ್ಪು ಫ್ಯಾನ್, ಪಂಪ್ ಅಥವಾ ಡೈನಮೋದಲ್ಲಿದೆ. ನನ್ನ ಗಾಡಿಯಲ್ಲಿ ಗ್ಯಾರೇಜಿನವರು ಇಂಜಿನ್ ಎರಡು ಸಲ ಇಳಿಸಿದರು, ಸಿಕ್ಕಿದ್ದು ಫ್ಯಾನಿನಲ್ಲಿ. ರೇಡಿಯೇಟರಿಗೆ ಒಂದು ತಂತಿ ಕಟ್ಟಿ, ಅದರ ತುದಿ ಬ್ಲೇಡಿಗೆ ತಾಗುವಷ್ಟು ಹತ್ತಿರ ಇಟ್ಟು, ಫ್ಯಾನ್ ಕೈಯಲ್ಲಿ ತಿರುಗಿಸಿದೆ. ಮೂರು ಬ್ಲೇಡ್ ತಂತಿ ಸವರಿಕೊಂಡು ಹೋದವು. ನಾಲ್ಕನೆಯದು ಬೆರಳು ದಪ್ಪ ದೂರ ನಿಂತಿತು. ಇಂಜಿನ್ ತಿರುಗಿಸಲು ಫ್ಯಾನ್ ಹಿಡಿದು ಎಳೆಯುವ ಚಟ ಇರುತ್ತದಲ್ವಾ, ಅದರ ಫಲ. ಬಾಗಿದ್ದನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಬೇಡಿ. ಬಿರುಕು ಬಿಟ್ಟು ಒಂದು ದಿನ ಬಾನೆಟ್ ಸೀಳುತ್ತದೆ. ಬೇರೆ ಫ್ಯಾನ್ ಹಾಕಿ.

ಬೆಲ್ಟ್ ಬಿಚ್ಚಿದರೂ ಹಾಗೇ ಇದ್ದರೆ ಕ್ಲಚ್ ಒತ್ತಿ ನೋಡಿ. ಬದಲಾದರೆ ಕ್ಲಚ್ ಪ್ಲೇಟ್ ಕಡೆ ಅನುಮಾನ. ಬದಲಾಗದಿದ್ದರೆ ಫ್ಲೈವೀಲ್ (ಇಂಜಿನ್ ಹಿಂಬದಿಯ ಭಾರದ ಚಕ್ರ), ಅದಕ್ಕೆ ಕೂರುವ ಪ್ರೆಷರ್ ಪ್ಲೇಟ್ ನೋಡುವುದು ಇನ್ನೂ ಬಾಕಿ. ಅವನ್ನು ಲೇತಿನಲ್ಲಿ ಫೇಸಿಂಗ್ ಮಾಡಿ (ಮೇಲ್ಮೈ ಸಮ ಮಾಡಿ) ಬ್ಯಾಲೆನ್ಸ್ ಮಾಡದೆ ಹಾಕುವವರು ಜಾಸ್ತಿ. ನಮ್ಮ ಬೆಳಗಾವಿ ಫೌಂಡ್ರಿ, ಕ್ರ್ಯಾಂಕ್‌ಶಾಫ್ಟ್ ಕೆಲಸಕ್ಕೆ ಹೆಸರಾದ ಊರು. ಅಲ್ಲಿನ ಕಾರ್ಖಾನೆ ಪ್ರದೇಶ ಉದ್ಯಮಬಾಗಿನಲ್ಲಿ ವಿಚಾರಿಸಿ, ಕ್ರ್ಯಾಂಕ್, ಫ್ಲೈವೀಲ್, ಪ್ರೆಷರ್ ಪ್ಲೇಟ್ ಸೇರಿಸಿ ಬ್ಯಾಲೆನ್ಸ್ ಮಾಡಿಸಿ. ಬಿಚ್ಚುವ ಮುಂಚೆ, ಯಾವುದು ಹೇಗೆ ಕೂತಿತ್ತು ಅಂತ ಪಂಚಿನಲ್ಲಿ ಗುರುತು ಹಾಕಿ. ಪಿಸ್ಟನ್, ಕನೆಕ್ಟಿಂಗ್ ರಾಡ್ ನಾಲ್ಕನ್ನೂ ತೂಗಿಸಿ. ಒಂದು ರಾಡ್ ಮಾತ್ರ ಬೇರೆ ಗಾಡಿಯದು ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನಡುಕ ಐಡಲಿಂಗ್‌ನಲ್ಲಿ (ರೇಸ್ ಕೊಡದೆ ಇಂಜಿನ್ ಓಡುವಾಗ) ಜಾಸ್ತಿ, ರೇಸಿನಲ್ಲಿ ಕಡಿಮೆ ಆದರೆ ಅದು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್ ವೈರ್ ಒಂದೊಂದೇ ತೆಗೆದು ನೋಡಿ, ತೆಗೆದ ವೈರಿನ ತುದಿ ಇಂಜಿನ್ ಲೋಹಕ್ಕೆ ತಾಗಿಸಿ ಅರ್ಥ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಕೆಡುತ್ತದೆ. ಯಾವ ವೈರ್ ತೆಗೆದಾಗ ಇಂಜಿನ್‌ಗೆ ವ್ಯತ್ಯಾಸ ಆಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ. ವೈರ್ ವಾಪಸ್ ಹಾಕುವಾಗ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಅನ್ನುವುದು ನೆನಪಿರಲಿ. ಪ್ಲಗ್ ಬಾಷ್ ಅಥವಾ ಎನ್‌ಜಿಕೆ ಮಾತ್ರ. ಹೆಸರಿಲ್ಲದ ಸಸ್ತಾ ಮಾಲು ಬೇಡ. ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇದ್ದರೆ ಮೇಲಿನ ಡ್ಯಾಂಪರಿನಲ್ಲಿ ಎಣ್ಣೆ ಇದೆಯಾ ನೋಡಿ. ಅದು ಒಣಗಿದ್ದರೆ ಆಕ್ಸಲರೇಟರ್ ಒತ್ತಿದಾಗ ಎಳೆಯುವುದಿಲ್ಲ, ಜನ ಅದನ್ನೂ ನಡುಕ ಅಂತಾರೆ.

ಈಗಿರುವ ಫೌಂಡೇಶನ್ ರಬ್ಬರಿನ ಬೋಲ್ಟುಗಳನ್ನು ಮಾತ್ರ ಸಡಿಲ ಮಾಡಿ, ಇಂಜಿನ್ ಐಡಲಿಂಗ್‌ನಲ್ಲಿ ಸ್ವಲ್ಪ ಹೊತ್ತು ಬಿಡಿ. ತಾನೇ ಸರಿಯಾಗಿ ಕೂತ ಮೇಲೆ ಆಫ್ ಮಾಡಿ ಟೈಟ್ ಮಾಡಿ. ಸೈಲೆನ್ಸರ್ ಪೈಪ್ ಎಲ್ಲೂ ಫ್ಲೋರಿಗೆ ತಾಗಬಾರದು, ಸುತ್ತ ಕೈಬೆರಳು ಹೋಗುವಷ್ಟು ಜಾಗ ಇರಲಿ.