ಬಳ್ಳಿ ಎಲ್ಲಿಂದ ಹೊರಟಿತು, ಅದನ್ನು ಬರೆಯಿರಿ

ನಮಸ್ಕಾರ,

ಮಲೇಷ್ಯಾದ ಮರಗೆತ್ತನೆಯ ಬಗ್ಗೆ ನೀವು ಕಳಿಸಿದ ‘ಮಲಯ ಮನೆಗಳ ಮರದ ಹೂಗಳು’ ಲೇಖನವನ್ನು ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಒಳಗೆ ಎಲ್ಲೋ ನಾಲ್ಕು ಸಾಲು ಬಹಳ ಚೆನ್ನಾಗಿವೆ.

ಮೊದಲು ಬೈದುಬಿಡುತ್ತೇನೆ. ಮೊದಲ ಪುಟದ ತುಂಬಾ ‘ಅದ್ಭುತ’, ‘ಮನಮೋಹಕ’, ‘ಕಣ್ಣಿಗೆ ಹಬ್ಬ’. ಕೋಟಾ ಭಾರುವಿನ ಇಸ್ತಾನಾ ಜಾಹರ್ 1887ರ ಅರಮನೆ, ಈಗ ವಸ್ತುಸಂಗ್ರಹಾಲಯ ಅಂತ ಸರಿಯಾಗಿಯೇ ಬರೆದಿದ್ದೀರಿ. ಅಲ್ಲಿ ಕಂಡದ್ದೇನು ಅಂದರೆ ‘ಬಗೆಬಗೆಯ ಹೂವುಗಳು’ ಅಂತ ಮುಗಿಸಿಬಿಟ್ಟಿದ್ದೀರಿ. ಯಾವ ಹೂವು ಸ್ವಾಮಿ? ಪೂರ್ವ ಕರಾವಳಿಯ ಕೆಲಾಂತಾನ್, ತೆರೆಂಗಾನು ರಾಜ್ಯಗಳ ಕಡೆಯ ಕೆತ್ತನೆಯವರು ಹಿತ್ತಲಲ್ಲಿ, ಬೇಲಿಯಲ್ಲಿ ಕಾಣುವ ಗಿಡಗಳನ್ನೇ ಹಲಗೆಗೆ ಇಳಿಸಿದರು. ಲವಂಗದ ಹೂವು, ದಾಸವಾಳ, ವೀಳ್ಯದೆಲೆ, ಕೆಸುವಿನ ಎಲೆ, ಹಾಗಲ ಬಳ್ಳಿ. ಇವೆಲ್ಲ ನಮ್ಮ ಓದುಗರ ಮನೆಯಲ್ಲೂ ಇವೆ. ಹೆಸರು ಹೇಳಿದರೆ ಸಾಕು, ಅರ್ಧ ಚಿತ್ರ ತಾನಾಗಿ ಮೂಡುತ್ತದೆ. ಕೆಸುವಿನ ಎಲೆ ಅಂದಾಕ್ಷಣ ಮಲೆನಾಡಿನವರಿಗೆ ಪತ್ರೊಡೆ ನೆನಪಾಗಬಹುದು, ಆಗಲಿ ಬಿಡಿ.

ಇನ್ನು ಆ ನಾಲ್ಕು ಸಾಲು. ಕಿಟಕಿ ಮುಚ್ಚಿತ್ತು, ಅದರ ಮೇಲಿನ ತೂತು ಕೊರೆದ ಹಲಗೆಯಿಂದ ಬಿಸಿಲು ಬಂದು ನೆಲದ ಮೇಲೆ ಎಲೆಗಳಾಗಿ ಬಿದ್ದಿತ್ತು, ನೀವು ಅದನ್ನು ತುಳಿಯದೆ ಪಕ್ಕಕ್ಕೆ ಸರಿದಿರಿ. ಲೇಖನ ಶುರುವಾಗಬೇಕಾದದ್ದೇ ಇಲ್ಲಿ. ಆದರೆ ಮುಂದಿನ ಸಾಲಿನಲ್ಲೇ ‘ಇಂಥ ಅಲಂಕಾರ ಎಲ್ಲೂ ಇಲ್ಲ’ ಅಂತ ಹಾರಿಬಿಟ್ಟಿರಿ. ಅಲಂಕಾರ ಅನ್ನುವ ಮೊದಲು, ತೂತು ಯಾಕೆ ಅಂತ ಕೇಳಬೇಕಿತ್ತು ಅಲ್ವಾ? ಅಲ್ಲಿ ವರ್ಷವಿಡೀ ಸೆಕೆ, ಮಳೆಯೂ ಜಾಸ್ತಿ. ಮಳೆಗೆ ಕಿಟಕಿ ಮುಚ್ಚಿದರೂ ಗಾಳಿ ಆಡಬೇಕು. ಮೇಲೆ ಸೇರುವ ಬಿಸಿಗಾಳಿ ಹೊರಗೆ ಹೋಗಬೇಕು. ಬೆಳಕು ಬರಬೇಕು, ಬೀದಿಯವರಿಗೆ ಒಳಗಿನವರು ಕಾಣಬಾರದು. ಇಷ್ಟೂ ಕೆಲಸ ಮಾಡುವುದು ಬಾಗಿಲು, ಕಿಟಕಿಯ ಮೇಲೆ ಮತ್ತು ಗೋಡೆಯ ಮೇಲುಭಾಗದಲ್ಲಿ ಕೂರಿಸಿದ ಆ ಹಲಗೆಗಳೇ. ಮನೆ ಉಸಿರಾಡುವುದು ಆ ಹೂಗಳ ನಡುವಿನ ಖಾಲಿ ಜಾಗದಿಂದ. ನೀವು ಹೂವನ್ನು ಮಾತ್ರ ನೋಡಿ, ಖಾಲಿ ಜಾಗವನ್ನು ಬಿಟ್ಟಿರಿ.

‘ಬಳ್ಳಿ ಸುತ್ತಿ ಸುತ್ತಿ ಹರಡಿದೆ’ ಅಂದಿದ್ದೀರಿ. ಅದನ್ನು ಬೆರಳಿಟ್ಟು ಹಿಂಬಾಲಿಸಿ. ಅವಾನ್ ಲಾರಾತ್ ಎಂಬ ಈ ಬಳ್ಳಿ ವಿನ್ಯಾಸ ಒಂದು ಮೂಲದಿಂದ ಹೊರಡುತ್ತದೆ. ಆ ಮೂಲ ಎಷ್ಟೋ ಸಲ ಎಲೆಯ ಮರೆಯಲ್ಲಿರುತ್ತದೆ. ಅಲ್ಲಿಂದ ಕವಲೊಡೆದು ಹಲಗೆ ತುಂಬುತ್ತದೆ, ಆದರೆ ಯಾವ ಕುಡಿಯೂ ಪಕ್ಕದ ಕುಡಿಯನ್ನು ತಿವಿಯುವ ಹಾಗಿಲ್ಲ, ತುದಿ ಬಾಗಿ ಹಿಂದಕ್ಕೆ ತಿರುಗಬೇಕು. ಇದನ್ನು ವಿನಯದ ಪಾಠ ಅಂತ ಹೇಳುವುದುಂಟು. ನನಗೆ ಅದಕ್ಕಿಂತ ರುಚಿಸುವುದು ಉಳಿಯ ಲೆಕ್ಕ. ತೂತು ಕೊರೆದ ಹಲಗೆಯಲ್ಲಿ ಎಲೆ ಕುಡಿಗೆ, ಕುಡಿ ಕಾಂಡಕ್ಕೆ, ಕಾಂಡ ಚೌಕಟ್ಟಿಗೆ ಎಲ್ಲಾದರೂ ಅಂಟಿಕೊಂಡೇ ಇರಬೇಕು. ಒಂದು ಕಡೆ ಜಾಸ್ತಿ ಕೊರೆದರೆ ಎಲೆ ಕಳಚಿ ಕೈಗೆ ಬರುತ್ತದೆ.

ತಪ್ಪುಗಳೂ ಇವೆ. ಕ್ವಾಲಾ ಕಾಂಗ್ಸಾರಿನ ಇಸ್ತಾನಾ ಕೆನಾಂಗನ್ ಅರಮನೆಯ ಗೋಡೆಯ ವಿನ್ಯಾಸ ಕೆತ್ತನೆಯಲ್ಲ, ಬಿದಿರು ಸೀಳಿ ಹೆಣೆದದ್ದು. ತೆಗೆದುಬಿಡಿ. ಪೂರ್ವ ಕರಾವಳಿಯ ಮನೆಗಳಿಗೆ ತೇಗ ಅಂದಿದ್ದೀರಿ. ಅಲ್ಲಿ ಹೆಸರಾದ ಮರ ಚೆಂಗಾಲ್. ಭಾರ, ಗಟ್ಟಿ, ಗೆದ್ದಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಇಸ್ಲಾಂ ಬಂದ ಮೇಲೆ ಮನುಷ್ಯ, ಪ್ರಾಣಿಗಳ ರೂಪ ಹಿಂದೆ ಸರಿದು ಗಿಡಬಳ್ಳಿ ಮುಂದೆ ಬಂತು ಎನ್ನಲು ಎರಡು ಪುಟ ಬೇಡ, ಎರಡು ಸಾಲು ಸಾಕು. ಹಿಂದೂ-ಬೌದ್ಧ ಕಾಲದ ತಾವರೆ ಆಮೇಲೂ ಹಲಗೆಯ ಮೇಲೆ ಉಳಿಯಿತು ಅನ್ನುವುದನ್ನು ಮಾತ್ರ ಸೇರಿಸಿ. ಬೇಲೂರು, ಹಳೇಬೀಡು ಪ್ಯಾರಾ ಪೂರ್ತಿ ಹೊಡೆದುಹಾಕಿದ್ದೇನೆ. ಕನ್ನಡದ ಓದುಗರು ಅಂದ ಮಾತ್ರಕ್ಕೆ ಎಲ್ಲ ಕಡೆಗೂ ಹೊಯ್ಸಳರನ್ನು ಕರೆದುಕೊಂಡು ಹೋಗಬೇಕಿಲ್ಲ.

ಕೊನೆಯಲ್ಲಿ ‘ಈ ಕಲೆ ಸತ್ತೇ ಹೋಯಿತು’ ಎಂದು ಅತ್ತಿದ್ದೀರಿ. ಯಾರು ಹೇಳಿದರು? ಹೆಸರಾದ ಕೆತ್ತನೆಗಾರ ನಿಕ್ ರಶೀದ್ದೀನ್ ನಿಕ್ ಹುಸೇನ್ 2002ರಲ್ಲಿ ತೀರಿಕೊಂಡರು ನಿಜ. ಅವರ ಹಾದಿಯಲ್ಲಿ ಬಂದ ನೊರ್ಹೈಜಾ ನೂರ್ದಿನ್ ತೆರೆಂಗಾನುವಿನ ಬೆಸುತ್‌ನಲ್ಲಿ ಕೆಲಸ ಮುಂದುವರಿಸಿದರು. ಸಾಧ್ಯವಾದರೆ ಅಲ್ಲಿಗೊಮ್ಮೆ ಹೋಗಿ, ಯಾರಾದರೂ ಕೆತ್ತುವುದನ್ನು ಪಕ್ಕದಲ್ಲಿ ಕೂತು ನೋಡಿ ಬರೆಯಿರಿ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಫೋಟೋಗಳಲ್ಲಿ ನೀವು ಅರಮನೆ ಮುಂದೆ ನಿಂತಿರುವುದು ಬೇಡ, ಕಿಟಕಿ ಮೇಲಿನ ಹಲಗೆಯದು ದೊಡ್ಡದಾಗಿ ಬೇಕು. ಅದರ ಕೆಳಗೆ ಊರು, ಕಟ್ಟಡ ಎರಡನ್ನೂ ಬರೆದಿರಿ.

— ಸಂಪಾದಕ