ಐದು ನಿಮಿಷದ ಕ್ಯಾನ್ಸರ್ ಸ್ಟ್ರಿಪ್ ಪರೇಲ್‌ನಲ್ಲಿ ಸಿಗುತ್ತಾ?

ಪ್ರಶ್ನೆ: ಅಮೆರಿಕದ ಹುಡುಗ ಜ್ಯಾಕ್ ಆಂಡ್ರಾಕನ ಮೇದೋಜೀರಕ ಗ್ರಂಥಿ ಕ್ಯಾನ್ಸರ್ ಪತ್ತೆಹಚ್ಚುವ ಸ್ಟ್ರಿಪ್ ಮುಂಬೈ ಪರೇಲ್‌ನ ಟಾಟಾ ಆಸ್ಪತ್ರೆಯಲ್ಲಿ ಸಿಗುತ್ತಾ? ಡೊಂಬಿವಲಿಯಿಂದ ಮಾವನವರನ್ನು ಕರೆದೊಯ್ಯಬೇಕು.

ಇಲ್ಲ, ಎಲ್ಲೂ ಸಿಗುವುದಿಲ್ಲ.

2012ರಲ್ಲಿ, 15ನೇ ವಯಸ್ಸಿಗೆ, ಅವನು ಇಂಟೆಲ್ ವಿಜ್ಞಾನ ಮೇಳದಲ್ಲಿ 75,000 ಡಾಲರ್ ಗೆದ್ದ. ಐಡಿಯಾ ಚೆನ್ನಾಗಿತ್ತು, ಎರಡು ಮಾತಿಲ್ಲ. ಫಿಲ್ಟರ್ ಪೇಪರಿಗೆ ಕಾರ್ಬನ್ ನ್ಯಾನೊಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆ) ಮತ್ತು ಈ ಕ್ಯಾನ್ಸರಿನಲ್ಲಿ ಏರುವ ಮೀಸೋಥೆಲಿನ್ ಎಂಬ ಪ್ರೋಟೀನನ್ನು ಹಿಡಿಯುವ ಆ್ಯಂಟಿಬಾಡಿ ಲೇಪಿಸಿದ. ಪ್ರೋಟೀನ್ ಬಂದು ಅಂಟಿದರೆ ಟ್ಯೂಬುಗಳು ದೂರ ಸರಿಯುತ್ತವೆ, ವಿದ್ಯುತ್ ಹರಿವು ಬದಲಾಗುತ್ತದೆ. ಅದನ್ನು ಮೀಟರಿನಲ್ಲಿ ಅಳೆದರಾಯಿತು.

ತೊಡಕಿರುವುದು ಆ ಪ್ರೋಟೀನಿನಲ್ಲೇ. ಅಂಡಾಶಯದ ಕ್ಯಾನ್ಸರಿನಲ್ಲೂ ಅದು ಏರುತ್ತದೆ. ಮೇಲಾಗಿ ಮೇದೋಜೀರಕ ಗ್ರಂಥಿ ಕ್ಯಾನ್ಸರ್ ಅಪರೂಪದ ಕಾಯಿಲೆ. ಚೆನ್ನಾಗಿರುವವರಿಗೆಲ್ಲ ಟೆಸ್ಟ್ ಮಾಡಿದರೆ, ರೋಗವಿಲ್ಲದಿದ್ದರೂ ಇದೆಯೆಂದು ತೋರಿಸಿ ಸುಮ್ನೆ ಹೆದರುವವರೇ ಜಾಸ್ತಿ, ಅಲ್ವಾ? ಪೇಪರು, ಟಿವಿಯವರು ಮದ್ದೇ ಸಿಕ್ಕಿತೆಂಬಂತೆ ಕುಣಿದರು. ಸಾವಿರಾರು ರೋಗಿಗಳ ಮೇಲಿನ ಪರೀಕ್ಷೆ ಮಾತ್ರ ಆಗಲಿಲ್ಲ.

ನನ್ನ ಕೇಳಿದರೆ ಅಗ್ಗದ ಟೆಸ್ಟ್ ಅಂದರೆ ಟಾಟಾದವರೇ ಮಾಡಿದ್ದು. ಮುಂಬೈ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಅಧ್ಯಯನದಲ್ಲಿ, ವಿನೆಗರ್ ಹಚ್ಚಿ ನೋಡುವ ಪರೀಕ್ಷೆಯಿಂದ ಗರ್ಭಕಂಠ ಕ್ಯಾನ್ಸರಿನ ಸಾವು 31% ಇಳಿಯಿತು.

ಮಾವನವರಿಗೆ ಕಾಮಾಲೆ ಇದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಈ ವಾರವೇ ಡಾಕ್ಟರಿಗೆ ತೋರಿಸಿ. ಸಿಟಿ ಸ್ಕ್ಯಾನ್ ಬೇಕಾಗಬಹುದು.